ಸಂಬಳ ಇದ್ದಾನ್ರಿ

ಶಹಾಪುರ,
ಮಂಗಳವಾರ, ಮೇ ೧೨

ನನ್ನ ಲಾಲಿ,

ಹೋದ ವಾರ ದೇವಾಪುರದಲ್ಲಿ ಮತ ಕೇಳುತ್ತ ನಿನ್ನ ಬಾಗಿಲಿಗೆ ಬಂದಾಗ ನೀನು ನನಗೆ "ಬರ್ರಿ, ಕುಂದರ್ರಿ" ಅಂದೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳು ನೀನು, ಜಡೆ ಹಿಡಿದೆಳೆದು "ಏ ಪಂಚಿ" ಎಂದು ಕರೆದವಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ‘ರಿ’ ಮಾತ್ರ ತಡೆಯಲಾಗಲಿಲ್ಲ. ಜೊತೆಗೆ ಬಂದಿದ್ದ ಹೆಣ್ಣುಮಕ್ಕಳು ಲಾಲಮ್ಮ ಭಾಳ ಮರ್ಯಾದಸ್ತಳು ಎಂದು ಹೊಗಳಿದರು. ನಾನು ತಲೆಯಾಡಿಸಿ ಮುಂದಿನ ಮನೆಗೆ ಹೋದೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ನೀನು ಓದುವುದನ್ನು ಬಿಡಲಿಲ್ಲ. ನಿಧಾನ ಓದುತ್ತೀ, ಆದರೆ ಪೂರ್ತಿ ಓದುತ್ತೀ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮಂಥ ವಕೀಲರಿಗೆ ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಕೊನೆ ಸಿಗುವುದಿಲ್ಲ.

ಈಶಪ್ಪ ಎಂಟು ವರ್ಷದಿಂದ ವಿಶ್ವರಾಧ್ಯ ಸಾಹುಕಾರರ ಹೊಲದಲ್ಲಿ ಜೀತಕ್ಕಿದ್ದಾನೆ ಎಂದು ಅರ್ಜಿ ಬರೆದವಳು ನಾನೇ. ವಿಚಾರಣೆಯಲ್ಲಿ ಜೀತವೆಂದು ಸಾಬೀತಾದರೆ ಸರ್ಕಾರ ಬಿಡುಗಡೆ ಪತ್ರ ಕೊಡುತ್ತದೆ, ಆ ಕಾಗದ ಬಂದ ದಿನ ನಿನ್ನ ಗಂಡ ಯಾರ ಹಂಗೂ ಇಲ್ಲದೆ ಮನೆಗೆ ಬರಬಹುದು ಎಂದು ನಿನ್ನ ಕಟ್ಟೆಯ ಮೇಲೆ ಕೂತು ವಿವರಿಸಿದವಳೂ ನಾನೇ. ನೀನು ಆವತ್ತು ಒಂದೇ ಪ್ರಶ್ನೆ ಕೇಳಿದೆ, ಪಂಚಮಿ ಹಬ್ಬಕ್ಕೆ ಅವನು ನಮ್ಮ ಮನೆಯಲ್ಲಿ ಉಣ್ಣುತ್ತಾನಾ ಎಂದು. ಉಣ್ಣುತ್ತಾನೆ ಎಂದು ನಾನು ಧೈರ್ಯವಾಗಿ ಹೇಳಿದೆ.

ಏಪ್ರಿಲ್ ಕೊನೆಯಲ್ಲಿ ವಿಚಾರಣೆ ಬಂತು. ವಿಚಾರಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ, ನಿನಗೆ ಕುರ್ಚಿ ಹಾಕಿಸಿದರು, ನೀರು ತರಿಸಿಕೊಟ್ಟರು. ನಿಮ್ಮ ಯಜಮಾನರು ಅಲ್ಲಿ ಏನಾಗಿದ್ದಾರಮ್ಮ ಎಂದು ಕೇಳಿದರು. ನೀನು "ಸಂಬಳ ಇದ್ದಾನ್ರಿ, ಎಂಟು ವರ್ಸಾತ್ರಿ" ಅಂದೆ. ಸಂಬಳಕ್ಕಾ ಎಂದು ಅವರು ಇನ್ನೊಮ್ಮೆ ಕೇಳಿದರು. "ಹೌದ್ರಿ, ಸಂಬಳನ" ಅಂದೆ, ಗಟ್ಟಿಯಾಗಿ.

ನಮ್ಮ ಕಡೆ ಒಬ್ಬ ಸಾಹುಕಾರರ ಮನೆಯಲ್ಲಿ ಸಂಬಳ ಇದ್ದಾನೆ ಎಂದರೆ ಏನೆಂದು ಎಮ್ಮೆ ಕಾಯುವವರಿಗೂ ಗೊತ್ತು. ಅವನ ಇಡೀ ವರ್ಷ ಅವರದು. ಹಬ್ಬಕ್ಕಾಗಲಿ ಸತ್ತವರ ಮಣ್ಣಿಗಾಗಲಿ ಅವರು ಬಿಟ್ಟರೆ ಬರಬೇಕು, ಇಲ್ಲದಿದ್ದರೆ ಇಲ್ಲ. ಜೀತ ಎನ್ನುವುದು ನಮ್ಮಂಥವರ ಕಾಗದದ ಮಾತು, ಓಣಿಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಆದರೆ ಸಾಹೇಬರ ಊರಿನಲ್ಲಿ ಸಂಬಳವೆಂದರೆ ಒಂದನೇ ತಾರೀಖಿಗೆ ಬ್ಯಾಂಕಿಗೆ ಬೀಳುವಂಥದ್ದು. ‘ಸದರಿಯವರು ಸಂಬಳ ಪಡೆಯುವ ನೌಕರರೆಂದು ಪತ್ನಿಯೇ ಒಪ್ಪಿರುತ್ತಾರೆ’ ಎಂದು ಬರೆದುಕೊಂಡರು. ಓದಿ ಹೇಳಿದಾಗ ನೀನು ಹೌದ್ರಿ ಎಂದು ಸಹಿ ಮಾಡಿದೆ.

ಅರ್ಜಿ ವಜಾ ಆಯಿತು. ಈಶಪ್ಪ ಅಲ್ಲೇ ಉಳಿದ. ಲಾಲಮ್ಮ ತನ್ನ ಬಾಯಿಂದಲೇ ಕೆಡಿಸಿಕೊಂಡಳು ಎಂದು ಓಣಿಯವರು ಆಡಿಕೊಂಡರಂತೆ, ನಿನ್ನ ಅತ್ತೆ ಚಂದಮ್ಮ ಎರಡು ದಿನ ನಿನ್ನ ಕೈಯ ರೊಟ್ಟಿ ತಿನ್ನಲಿಲ್ಲವಂತೆ. ನೀನು ತಪ್ಪು ಹೇಳಿರಲಿಲ್ಲ ಲಾಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ.

ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಆವತ್ತೇ ಮಧ್ಯಾಹ್ನ ಮೂರು ಗಂಟೆಯೊಳಗೆ ಜಿಲ್ಲಾ ಪಂಚಾಯ್ತಿಗೆ ನನ್ನ ನಾಮಪತ್ರ ಹೋಗಬೇಕಿತ್ತು. ಗಡಿಬಿಡಿಯಲ್ಲಿ ಲಕ್ಷ್ಯ ಇರಲಿಲ್ಲ ಎಂದು ಆಮೇಲೆ ನಿನಗೆ ಹೇಳಿದೆ. ಮನೆಯಲ್ಲಿ ಬುದ್ಧಪ್ರಿಯನಿಗೂ ಅದನ್ನೇ ಹೇಳಿದೆ. ಗಂಡ ನಂಬಿದ. ನೀನು ನಂಬಲಿಲ್ಲ, ಅದಕ್ಕೇ ನನಗೆ ‘ರಿ’ ಹಚ್ಚಿದ್ದೀ.

ನನಗೆ ಎಲ್ಲಾ ಕೇಳಿಸಿತ್ತು. ಬರೆದ ಹಾಳೆ ನನ್ನ ಕೈಗೂ ಬಂತು. ಸರಿ ಇದೆಯಾ ನೋಡಿ ಮೇಡಂ ಎಂದರು ಸಾಹೇಬರು. ಕೋರ್ಟಿನಲ್ಲಿ ಒಂದು ಅಕ್ಷರ ಆಚೀಚೆಯಾದರೆ ಮೇಜು ಗುದ್ದಿ ಜಗಳ ತೆಗೆಯುವವಳು ನಾನು. ಇಲ್ಲಿ ಸಂಬಳ ಎಂದರೆ ಜೀತವೇ ಸರ್ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಸರಿ ಇದೆ ಸರ್ ಎಂದು ಹಾಳೆ ತಿರುಗಿ ಕೊಟ್ಟೆ.

ಯಾಕೆಂದು ಬರೆಯಲು ನಾಚಿಕೆಯಾಗುತ್ತದೆ. ವಿಚಾರಣೆಗೆ ಎರಡು ದಿನ ಮುಂಚೆ ಸಾಹುಕಾರರ ಅಳಿಯ ಚನ್ನಯ್ಯ ಶಹಾಪುರದ ನಮ್ಮ ಮನೆಗೆ ಬಂದಿದ್ದ. "ನಮ್ಮ ಸಾಹುಕಾರ್ರ ಮಾತು ಕೇಳೋ ನಾಕೂ ಊರಿನ ಮಂದಿ ನಿಮಗಽ ಹಾಕ್ತಾರ ಬಾಯಾರ. ಈಶಪ್ಪನ ಲಫಡಾ ಒಂದೀಟು ಎಳೀಬ್ಯಾಡ್ರಿ, ಸಾಕು" ಅಂದ. ಮತವೇ ಬೇರೆ ಕೇಸೇ ಬೇರೆ ಎಂದು ನಾನು ಬಿಗಿಯಾಗಿಯೇ ಹೇಳಿದೆ. ಅವನು ನಕ್ಕು, ಚಹಾ ಕುಡಿದು ಹೋದ. ಒಪ್ಪಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಾಳೆ ಕೈಗೆ ಬಂದಾಗ ಆ ನಾಲ್ಕು ಊರು ಕಣ್ಣ ಮುಂದೆ ಬಂದವು. ಗೆದ್ದರೆ ಇಂಥ ಐವತ್ತು ಮಂದಿಯನ್ನು ಬಿಡಿಸಬಹುದು ಎಂದು ನನಗೆ ನಾನೇ ವಾದ ಮಾಡಿಕೊಂಡೆ, ತೀರ್ಪೂ ನಾನೇ ಕೊಟ್ಟುಕೊಂಡೆ. ಆ ಐವತ್ತು ಮಂದಿ ಯಾರೋ ನನಗೆ ಗೊತ್ತಿರಲಿಲ್ಲ. ಈಶಪ್ಪ ಗೊತ್ತಿದ್ದ. ನಿಮ್ಮ ಮನೆಗೆ ಬಂದು ನಾನು ಜ್ವರದಿಂದ ಮಲಗಿದಾಗ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಸುರಪುರದ ದವಾಖಾನೆ ಮುಟ್ಟಿಸಿದವನು ಅವನು.

ಮೊನ್ನೆ ಭಾನುವಾರ ಮತದಾನದ ದಿನ ಮತಗಟ್ಟೆಗೆ ಸಾಹುಕಾರರ ಟ್ರ್ಯಾಕ್ಟರ್ ಬಂತು. ಅವರ ಹೊಲದ ಆಳುಗಳೆಲ್ಲ ಇಳಿದರು, ಈಶಪ್ಪನೂ ಇಳಿದ, ಒಗೆದ ಅಂಗಿ ಹಾಕಿಕೊಂಡಿದ್ದ. "ಅಕ್ಕಾರ, ನಿಮಗಽ ಹಾಕಂತ ಸಾಹುಕಾರ್ರು ಕಳಿಸ್ಯಾರ್ರಿ. ಅವರು ಹೇಳಲಿಲ್ಲಂದ್ರೂ ನಾ ನಿಮಗಽ ಹಾಕಾಂವ ಇದ್ದೆ ಬಿಡ್ರಿ" ಎಂದು ನಕ್ಕ. ಅವನಿಗೆ ಏನೂ ಗೊತ್ತಿಲ್ಲ. ಕೂಲಿಕಾರರ ಹಕ್ಕು ಎಂದು ಹದಿನೈದು ವರ್ಷ ಗಂಟಲು ಹರಿದುಕೊಂಡವಳಿಗೆ ಸಾಹುಕಾರರ ಟ್ರ್ಯಾಕ್ಟರ್ ತುಂಬ ಮತ ಬಂತು. ನಾನು ಅಲ್ಲಿ ನಿಂತು ಕೈ ಮುಗಿದೆ.

ತಪ್ಪಾಯಿತು ಎಂದು ಬರೆದರೆ ನಿನಗೆ ಏನು ಸಿಕ್ಕ ಹಾಗಾಯಿತು? ಮೇಲ್ಮನವಿಗೆ ಇನ್ನೂ ದಿನಗಳಿವೆ. ಆ ಮಾತಿನ ಅರ್ಥ ನನಗೆ ತಿಳಿದಿತ್ತು, ತಿಳಿದೂ ಸುಮ್ಮನಿದ್ದೆ ಎಂದು ಹೇಳಿಕೆ ಬರೆದು, ಸಹಿ ಹಾಕಿ, ಇದರ ಜೊತೆ ಇಟ್ಟಿದ್ದೇನೆ. ಯಾದಗಿರಿಗೆ ಹೋಗಿ ಮೇಲ್ಮನವಿ ಕೇಳುವ ದೊಡ್ಡ ಸಾಹೇಬರ ಕೈಗೇ ಕೊಡು. ಆಮೇಲೆ ನನ್ನ ವಕೀಲಿಕೆ ಉಳಿದರೆ ಉಳಿಯಲಿ, ಹೋದರೆ ಹೋಗಲಿ. ಗುರುವಾರ ಎಣಿಕೆ. ಅದಕ್ಕಿಂತ ಮೊದಲೇ ಇದು ನಿನಗೆ ಮುಟ್ಟಬೇಕು, ಇಲ್ಲದಿದ್ದರೆ ಇದಕ್ಕೆ ಬೆಲೆ ಇಲ್ಲ. ನಾಳೆ ಬೆಳಗಿನ ಬಸ್ಸಿಗೆ ಬುದ್ಧಪ್ರಿಯನ ಕೈಯಲ್ಲಿ ಕಳಿಸುತ್ತೇನೆ.

ಮುಂದೆ ಸಿಕ್ಕಾಗ ಬಾಯಿತುಂಬ ಬೈದುಬಿಡು, ಮರ್ಯಾದೆ ಮಾತ್ರ ಕೊಡಬೇಡ.

ನಿನ್ನ
ಪಂಚಿ

ಶನಿವಾರ ಸೇರಿಸಿದ್ದು: ಪತ್ರ ನಾಲ್ಕು ದಿನ ನನ್ನ ಕರಿಕೋಟಿನ ಜೇಬಿನಲ್ಲೇ ಇತ್ತು. ಮೊನ್ನೆ ನಾನು ಗೆದ್ದೆ, ಅರವತ್ತೊಂದು ಮತದಿಂದ. ಸೋತಿದ್ದರೆ ಆವತ್ತು ಸಂಜೆಯೇ ಕಳಿಸುತ್ತಿದ್ದೆ, ಇದೂ ನಿನಗೆ ತಿಳಿದಿರಲಿ. ಹೇಳಿಕೆ ಜೊತೆಗಿದೆ ಎಂದು ಮೇಲೆ ಬರೆದಿದ್ದೇನಲ್ಲ, ಲಕೋಟೆಯಲ್ಲಿ ಹುಡುಕಬೇಡ. ಇವತ್ತು ಬೆಳಿಗ್ಗೆ ಅದನ್ನು ಹರಿದುಹಾಕಿದೆ. ಇನ್ನೊಂದು ಬರೆಯಲು ಕೂತೆ, ಕೈ ಏಳಲಿಲ್ಲ. ಆದರೆ ಈ ಪತ್ರ ನನ್ನದೇ ಅಕ್ಷರ. ಪಂಚಿ ಅಂದರೆ ಯಾರು ಎಂದು ಕಚೇರಿಯಲ್ಲಿ ಕೇಳುತ್ತಾರೆ, ಅದಕ್ಕೇ ಹಾಳೆಯ ಹಿಂದೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಇದನ್ನೇ ಒಯ್ದು ಕೊಡು, ತಡ ಮಾಡಬೇಡ. ಇದು ನಾನು ಬರೆದದ್ದಲ್ಲ ಎಂದು ನಾಳೆ ನಾನೇ ಬಂದು ಹೇಳಿದರೂ ನಂಬಬ್ಯಾಡ್ರಿ ಎಂದು ಸಾಹೇಬರಿಗೆ ಹೇಳು.