ಆಲ್ಫೋನ್ಸ್‌ಗೆ ಎತ್ತಿಟ್ಟ ತುಂಡು

ಬೊಬ್ಲಿಂಗೆನ್, ಜರ್ಮನಿ
ಜೂನ್ 17, ಮಂಗಳವಾರ

ಪ್ರೀತಿಯ ಪ್ರೆಸಿಲ್ಲಾ ಅಕ್ಕಾ,

ನಿಮ್ಮ ಮೊಣಕಾಲು ಈಗ ಹೇಗುಂಟು? ಇಗರ್ಜಿಯ ಮೆಟ್ಟಿಲು ಹತ್ತುವಷ್ಟಾದರೂ ಆಯಿತಾ? ಮಳೆಯಲ್ಲಿ ಜಾರಿ ಬಿದ್ದೀರಿ, ಜಾಗ್ರತೆ. ಯಾವಾಗಲೂ ಫೋನ್ ಮಾಡುವವನು ಈ ಸಲ ಯಾಕೆ ಕಾಗದ ಬರೆದ ಅಂತ ಗಾಬರಿಯಾಗಬೇಡಿ. ಫೋನ್ ಮಾಡುವಾಗ ನಿಮ್ಮ ತಂಗಿ ಮೋಲಿ ಪಕ್ಕದಲ್ಲೇ ಕೂತಿರುತ್ತಾಳೆ. ಅವಳ ಎದುರಿಗೆ ಅವಳ ಮರೆವಿನ ವಿಷಯ ಹೇಳಲು ನನಗೆ ಬಾಯಿ ಬರುವುದಿಲ್ಲ.

ನೀವು ಕಳಿಸಿದ ಬಫಾತ್ ಮಸಾಲೆ ಪುಡಿ ತಲುಪಿತು. ಪೊಟ್ಟಣ ಬಿಚ್ಚಿದಾಗ ಮನೆಯಿಡೀ ನಿಮ್ಮ ಅಡುಗೆಮನೆಯ ಪರಿಮಳ. ಮೋಲಿ ನರ್ಸ್ ಕೆಲಸಕ್ಕೆ ಬಂದ ಹೊಸತರಲ್ಲಿ ನಾವು ಕೊಳ್ಳುತ್ತಿದ್ದದ್ದು ದನದ ಹೊಟ್ಟೆಯ ಕಡೆಯ ಚಪ್ಪಟೆ ಮಾಂಸ ಒಂದೇ. ಇಲ್ಲಿಯವರು ಅದನ್ನು ಬೌಖ್‌ಲಾಪನ್ ಅನ್ನುತ್ತಾರೆ, ಖೀಮಾ ಮಾಡಲಿಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಡ. ಅದನ್ನೇ ಅವಳು ಮಸಾಲೆಯಲ್ಲಿಟ್ಟು ಕೆಂಡದ ಮೇಲೆ ಸುಟ್ಟರೆ, ಸಾಸೇಜ್ ಸುಡುತ್ತಿದ್ದ ನೆರೆಮನೆಯವರು ಪ್ಲೇಟ್ ಹಿಡಿದು ನಮ್ಮ ಬೇಲಿಯ ಹತ್ತಿರ ಬರುತ್ತಿದ್ದರು. ಅದೇ ರುಚಿಯಿಂದ ಅವಳಿಗೆ ಏನಾದರೂ ನೆನಪು ಬಂದೀತು ಅಂತ ನನಗೊಂದು ಆಸೆ.

ಶನಿವಾರ ಮಾಂಸ ತಂದು ಬೆಳ್ಳುಳ್ಳಿ, ಶುಂಠಿ, ನಿಮ್ಮ ಪುಡಿ ಎಲ್ಲ ಕಲಸುತ್ತಿದ್ದೆ. ಬೆಳಿಗ್ಗೆಯೋ ಸಂಜೆಯೋ ಅಂತ ತಿಳಿಯದವಳು ಎದ್ದು ಬಂದು ಮೂಸಿ, "ವಿನೆಗರ್ ಸಾಲದು. ಗಟ್ಟಿ ಮಾಂಸಕ್ಕೆ ಹುಳಿಯೂ ಬೇಕು, ತಾಳ್ಮೆಯೂ ಬೇಕು" ಅಂದಳು! ಫೋರ್ಕ್ ತಗೊಂಡು ಚುಚ್ಚಿದಳು, ಮಣಿಕಟ್ಟಿನವರೆಗೆ ಕೆಂಪಾಗುವಷ್ಟು ತಿಕ್ಕಿದಳು. ನಾನು ಸಂತೋಷ ತಡೆಯಲಾರದೆ ಆಖೆನ್ ಊರಿನಲ್ಲಿರುವ ಡಯಾನಾಳಿಗೆ ಫೋನ್ ಮಾಡಿ, "ಮಗಳೇ, ನಿನ್ನ ಮಮ್ಮಿ ವಾಪಸ್ ಬಂದಿದ್ದಾಳೆ" ಅಂದೆ. ಪಾಪ, ಭಾನುವಾರ ಸಿಕ್ಕಿದ ರೈಲು ಹತ್ತಿ ಓಡಿ ಬಂದಳು.

ಭಾನುವಾರ ಒಳ್ಳೆಯ ಬಿಸಿಲಿತ್ತು. ಮೋಲಿ ತೋಟದಲ್ಲಿ ಕುರ್ಚಿ ಹಾಕಿ ಕೂತು, ಕೆಂಡ ಜೋರಿರಲಿ, ಇಳಿಸಿದ ಕೂಡಲೇ ಕೊಯ್ಯಬೇಡಿ, ನಾರಿಗೆ ಅಡ್ಡಲಾಗಿ ಕೊಯ್ಯಿರಿ ಅಂತ ಹೇಳುತ್ತಲೇ ಇದ್ದಳು. ಆಮೇಲೆ ಕರಿ ಹಿಡಿದ ಒಂದು ಮೂಲೆಯ ತುಂಡನ್ನು ಪ್ಲೇಟಿಗೆ ಹಾಕಿ, ಮೇಲೆ ಇನ್ನೊಂದು ಪ್ಲೇಟ್ ಮುಚ್ಚಿದಳು. ಯಾರಿಗೆ ಅಂತ ಕೇಳಿದೆ. "ಆಲ್ಫೋನ್ಸ್‌ಗೆ. ಡ್ಯೂಟಿ ಮುಗಿಸಿ ಹಸಿದು ಬರ್ತಾರೆ. ಸುಟ್ಟ ಮೂಲೆ ಅಂದ್ರೆ ಅವರಿಗೆ ಪ್ರಾಣ." ಡಯಾನಾ ಏನೋ ಹೇಳಹೊರಟಳು, ನಾನು ಕೈಸನ್ನೆ ಮಾಡಿದೆ. ಮೋಲಿ ನನ್ನನ್ನೇ ನೋಡಿ, "ನಿಮ್ಮ ಕೈರುಚಿ ಒಳ್ಳೆದುಂಟು. ಮನೆಯಲ್ಲಿ ಹೆಂಡತಿ ಇದ್ದಾಳಾ?" ಅಂದಳು. ಇದ್ದಾಳೆ ಅಂದೆ. "ಹಾಗಾದ್ರೆ ಹೊರಡಿ. ಕಾಯ್ತಾ ಇರ್ತಾಳೆ."

ಹೊರಟೆ, ಅಕ್ಕಾ. ಏನು ಮಾಡಲಿ? ಸೈಕಲ್ ನಿಲ್ಲಿಸುವ ಶೆಡ್ಡಿನ ಹಿಂದೆ ಹೋಗಿ ಅತ್ತೆ. ಮತ್ತೆ ಮುಖ ಒರೆಸಿ, ಡ್ಯೂಟಿಯಿಂದ ಬಂದವನ ಹಾಗೆ ಮುಂಬಾಗಿಲ ಬೆಲ್ ಒತ್ತಿದೆ. ಆಗಲಾದರೂ ಗುರುತು ಹಿಡಿಯುತ್ತಾಳೆ ಅಂದುಕೊಂಡೆ. ಬಾಗಿಲು ತೆರೆದವಳು ಮರ್ಯಾದೆಯಿಂದಲೇ ಕೇಳಿದಳು: "ಏನಾದ್ರೂ ಮರೆತು ಹೋದಿರಾ?"

ಆ ಪ್ಲೇಟನ್ನು ಯಾರಿಗೂ ಮುಟ್ಟಲು ಬಿಡದೆ ಕಾಯುತ್ತಾ ಕೂತಲ್ಲೇ ನಿದ್ದೆ ಹೋದಳು. ಮರುದಿನ ಅವಳು ಏಳುವ ಮೊದಲು ನಾನು ಅದನ್ನು ತಿಂದೆ. ತಣ್ಣಗಾಗಿತ್ತು. ಆದರೂ ಮೆತ್ತಗೇ ಇತ್ತು.

ಬಾವನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಪ್ರಾರ್ಥನೆಯಲ್ಲಿ ನಮ್ಮಿಬ್ಬರ ಹೆಸರನ್ನೂ ಒಟ್ಟಿಗೇ ಹೇಳಿ.

ನಿಮ್ಮ
ಆಲ್ಫೋನ್ಸ್

ತಾ.ಕ.: ಮುಖ್ಯವಾದದ್ದನ್ನೇ ಬರೆಯಲಿಲ್ಲ. ಮುಂದಿನ ತಿಂಗಳು ಮೋಲಿಯನ್ನು ಫ್ಲೇಗೆಹೈಮ್‌ಗೆ, ಅಂದರೆ ವೃದ್ಧರನ್ನು ನೋಡಿಕೊಳ್ಳುವ ಆಶ್ರಮಕ್ಕೆ, ಸೇರಿಸುತ್ತಿದ್ದೇನೆ. ಎರಡು ಸಲ ರಸ್ತೆಗೆ ಇಳಿದುಬಿಟ್ಟಿದ್ದಳು, ನನ್ನೊಬ್ಬನಿಂದ ಆಗುವುದಿಲ್ಲ. ಅಲ್ಲಿ ಎಲ್ಲರೂ ಆಡುವುದು ಜರ್ಮನ್, ಅದು ಇವಳಿಗೆ ಪೂರಾ ಮರೆತುಹೋಗಿದೆ. ರಾತ್ರಿ ಹೆದರುತ್ತಾಳೆ. ಚಿಕ್ಕವಳಿದ್ದಾಗ ಅವಳನ್ನು ಮಲಗಿಸಲು ನೀವು ಏನು ಹೇಳುತ್ತಿದ್ದಿರೋ ಅದನ್ನು ಕೊಂಕಣಿಯಲ್ಲಿ, ನಿಮ್ಮ ಸ್ವರದಲ್ಲೇ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಕ್ಕಾ. ಬೇಗ ಕಳಿಸಿ.