ಹೊಡೆಯಲೊಲ್ಲದವಳನ್ನು ಸಿಟ್ಟಿನವಳೆಂದು ಬರೆದವರಿಗೆ

ರೋಣ ತಾಲೂಕು, ೭-೮-೧೯೫೪

ಶಾಲೆಗಳ ತಪಾಸಣೆ ಮಾಡುವ ಸಾಹೇಬರೇ,

ಇದೇ ಆಗಸ್ಟ್ ಮೂರರಂದು, ಮಂಗಳವಾರ, ನಮ್ಮೂರ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಕಲಿಯುತ್ತಿದ್ದ ಬಾಳವ್ವನ ಹೆಸರನ್ನು ಹಾಜರಿ ಪಟದಿಂದ ತೆಗೆದುಹಾಕಲಾಗಿದೆ. ಅವಳಿಗೆ ಹತ್ತು ವರ್ಷ. ಸುದ್ದಿ ತಿಳಿಸಿದವನು ಅವಳ ತಂದೆ ದ್ಯಾಮಪ್ಪ. ಶೇಂಗಾ ಹೊಲದ ಕಳೆ ತೆಗೆಯುವುದನ್ನು ಬಿಟ್ಟು, ಶಾಲೆ ಬಿಟ್ಟ ದಾಖಲೆ ಹಿಡಿದು, ಊರವರ ಕಾಗದಪತ್ರ ಓದಿ ಬರೆದುಕೊಡುವ ನನ್ನ ಹತ್ತಿರ ಬಂದು, "ಏನ್ ಬರದಾರ, ಓದಿ ಹೇಳ್ರಿ" ಅಂದ. ನಡತೆಯ ಕಲಮಿನಲ್ಲಿ ಹೀಗಿತ್ತು: "ಸಿಟ್ಟಿನ ಸ್ವಭಾವ. ಉಳಿದ ಮಕ್ಕಳಿಗೆ ಅಪಾಯ." ಕೆಳಗೆ ನಿಮ್ಮ ರುಜು. ಓದಿ ಹೇಳಿದೆ. ಅವನು ಕಾಗದ ಮಡಚುತ್ತ, "ಮತ್ತೊಂದ್ ಸಾಲ್ಯಾಗ ಹಾಕೂನಂದ್ರ, ಈ ಕಾಗದ ನೋಡಿ ಯಾರ್ ತಗೋತಾರ್ರಿ?" ಎಂದು ಕೇಳಿದ. ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಒಬ್ಬರ ಮಾತು ಕೇಳಿ ಬರೆಯುವ ರೂಢಿ ನನಗಿಲ್ಲ. ಅದೇ ವರ್ಗದ ನಾಲ್ವರು ಮಕ್ಕಳನ್ನೂ ಮಾಸ್ತರರನ್ನೂ ಬೇರೆ ಬೇರೆ ಕೇಳಿದೆ. ಐದೂ ಜನ ಹೇಳಿದ್ದು ಒಂದೇ. ಜುಲೈ ಇಪ್ಪತ್ತೊಂಬತ್ತರಂದು ತಾವು ತಪಾಸಣೆಗೆ ದಯಮಾಡಿಸಿದಿರಿ. ಖಾಜಾಬಿ ಎಂಬ ಹುಡುಗಿಯನ್ನು ಎಬ್ಬಿಸಿ ಹದಿನಾರು ಏಳಲೆ ಎಷ್ಟೆಂದು ಕೇಳಿದಿರಿ. ಅವಳು ಹತ್ತು ದಿನ ಜ್ವರದಲ್ಲಿ ಮಲಗಿ ಎದ್ದವಳು, ಹೇಳಲಿಲ್ಲ. ಪಕ್ಕದ ಬಾಳವ್ವ "ನೂರಾ ಹನ್ನೆರಡ್ರಿ" ಅಂದಳು. ಉತ್ತರ ಹೇಳಿದ ಮಗು ಹೇಳದ ಮಗುವಿನ ಮೂಗು ಹಿಡಿದು ಕೆನ್ನೆಗೆ ಹೊಡೆಯುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇದೆಯಲ್ಲ, ತಾವು ಅದರಂತೆ "ಹೊಡಿ" ಎಂದು ಅಪ್ಪಣೆ ಮಾಡಿದಿರಿ.

"ನಾ ವಲ್ಲೆರಿ. ಅಕಿ ನನ್ನ ಗೆಳತಿ ಅದಾಳ್ರಿ."

"ಹೊಡಿಯವಾ, ಮೆಲ್ಲಕ ಹೊಡಿ. ಸಾಹೇಬ್ರು ಕುಂತಾರ" ಎಂದು ಖಾಜಾಬಿಯೇ ಪಿಸುಗುಟ್ಟಿ ಕೆನ್ನೆ ಮುಂದೆ ಮಾಡಿದಳು. ಬಾಳವ್ವ ಮುಟ್ಟಿದಂತೆ ಮಾಡಿ ಕೈ ತೆಗೆದಳು. ಆಗ ತಾವು ನಕ್ಕು, "ಏನವಾ, ಗೆಳತಿ ಕೆನ್ನಿಗೆ ಬೆಣ್ಣಿ ಹಚ್ಚಾಕ ಹತ್ತೀಯೇನ?" ಅಂದಿರಿ. ವರ್ಗವೆಲ್ಲ ನಕ್ಕಿತು. ನಿಮಗೆ ಹೆದರಿದ ಮಾಸ್ತರರು, ಹೇಗೆ ಹೊಡೆಯಬೇಕೆಂಬುದನ್ನು ಬಾಳವ್ವನ ಕೆನ್ನೆಯ ಮೇಲೆಯೇ ತೋರಿಸಿದರು. ಅವಳು ತಾನು ಬರೆಯುವ ಕಲ್ಲಿನ ಪಾಟಿಯನ್ನು ನೆಲಕ್ಕೆ ಅಪ್ಪಳಿಸಿದಳು. ಒಂದು ಚೂರು ನಿಮ್ಮ ಬೂಟಿನ ಹತ್ತಿರ ಬಿತ್ತು. ಯಾರಿಗೂ ಗಾಯವಾಗಲಿಲ್ಲ.

ಇದು ನಡೆದ ಕೋಣೆಯ ಗೋಡೆಯ ಮೇಲೆ ನೀವೇ ಕಳಿಸಿದ ಸುತ್ತೋಲೆ ಇದೆ. ಮಕ್ಕಳಿಗೆ ಸಿಟ್ಟನ್ನು ಹತೋಟಿಯಲ್ಲಿಡುವುದನ್ನು ಕಲಿಸಬೇಕಂತೆ! ಕಲಿಸುವವರು ಯಾರು ಸ್ವಾಮಿ? ಹೊಡೆಯಲೊಲ್ಲೆ ಎಂದವಳು ಉಳಿದ ಮಕ್ಕಳಿಗೆ ಅಪಾಯ, ಹೊಡಿ ಎಂದವರು ಅವರ ಹಿತಚಿಂತಕರು! ಕೆನ್ನೆ ಉರಿಯುತ್ತಿದ್ದಾಗಲೂ ಆ ಹುಡುಗಿ ಯಾರ ಮೇಲೂ ಕೈ ಎತ್ತಲಿಲ್ಲ. ಅವಳನ್ನು ಹೊರಗೆ ಕೂಡ್ರಿಸಿ, ನೀರು ಕೊಟ್ಟು, "ಯಾಕವಾ ಸಿಟ್ಟು ಬಂತು?" ಎಂದು ಕೇಳಿದ್ದರೆ ಸಾಕಿತ್ತು. ಕೇಳಿಸಿಕೊಳ್ಳುವವರಿದ್ದರೆ ಮಗು ತನ್ನ ಸಿಟ್ಟಿಗೆ ಮಾತು ಹುಡುಕುತ್ತದೆ. ನೀವು ಐದು ದಿನ ಯೋಚಿಸಿದಿರಿ. ಯೋಚಿಸಿ, ಪಾಟಿ ಒಡೆದ ಮಗುವಿನ ಶಾಲೆಯನ್ನೇ ಬಿಡಿಸಿದಿರಿ. ಹತೋಟಿ ತಪ್ಪಿದ್ದು ಯಾರಿಗೆ?

ಈ ಪದ್ಧತಿ ಏನು ಕಲಿಸುತ್ತದೆಂದು ನನಗೆ ಗೊತ್ತು. ಮೂವತ್ತು ವರ್ಷದ ಹಿಂದೆ ಇದೇ ಶಾಲೆಯಲ್ಲಿ ನನ್ನ ಅಣ್ಣ ಅರ್ಜುನಪ್ಪ ಒಂದು ವರ್ಷ ನಪಾಸಾಗಿ ನನ್ನ ಜೊತೆಗೇ ಕೂಡುತ್ತಿದ್ದ. ಒಂದು ದಿನ ಅವನ ಮೂಗು ಹಿಡಿದು ಹೊಡೆಯುವ ಸರದಿ ನನಗೆ ಬಂತು. ಹೊಡೆದೆ. ಮಾಸ್ತರರು "ಶಾಭಾಸ್" ಅಂದರು. ಅಣ್ಣ ಮರುದಿನದಿಂದ ಶಾಲೆಗೆ ಬರಲಿಲ್ಲ. ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅಂದು ಹೊಡೆದಾಗ ನನಗೆ ಹಿತವೆನಿಸಿತ್ತು. ಅದನ್ನು ನೆನೆದರೆ ಇಂದಿಗೂ ನನ್ನ ಕೈ ನನಗೇ ಹೇಸಿಗೆ. ಈ ಹಿತವನ್ನು ನೀವು ಇಡೀ ತಾಲೂಕಿನ ಮಕ್ಕಳಿಗೆ ಹಂಚುತ್ತಿದ್ದೀರಿ. ಒಲ್ಲೆ ಎಂದವಳನ್ನು ಹೊರಗೆ ಹಾಕಿದ್ದೀರಿ.

ಬಾಳವ್ವ ಮನೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿಲ್ಲ. ಖಾಜಾಬಿಯೂ ಶಾಲೆಗೆ ಹೋಗುವುದನ್ನು ಬಿಟ್ಟಿದ್ದಾಳೆ. "ನನ್ನ ಸಲವಾಗಿ ಅಕಿಗೆ ಹಿಂಗಾತು ಅಂತ ಉಣ್ಣಾಕ ವಲ್ಲಳ್ರಿ" ಎಂದು ಅವಳ ತಾಯಿ ಮಾಬೂಬಿ ನನ್ನೆದುರು ಕಣ್ಣೀರು ಹಾಕಿದಳು.

ಆ ದಾಖಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಬಾಳವ್ವನ ಹೆಸರನ್ನು ಪಟದಲ್ಲಿ ಮತ್ತೆ ಬರೆಯಿಸಿರಿ. ಮಕ್ಕಳ ಕೈಯಿಂದ ಮಕ್ಕಳಿಗೆ ಹೊಡೆಸುವುದು ನಿಲ್ಲಬೇಕೆಂದು ನಿಮ್ಮ ಕೈಕೆಳಗಿನ ಪ್ರತಿ ಶಾಲೆಗೂ ಲಿಖಿತ ಆಜ್ಞೆ ಹೊರಡಿಸಿರಿ.

ತಾವೂ ಬರಲಿರುವ ಶಾಲಾ ಸಮಿತಿಯ ಸಭೆ ಆಗಸ್ಟ್ ಹದಿನಾರು, ಸೋಮವಾರ, ಮುಂಜಾನೆ ಹನ್ನೊಂದಕ್ಕೆ ಇದೆ. ಬಾಳವ್ವನನ್ನು ಕರೆದುಕೊಂಡು ದ್ಯಾಮಪ್ಪನೂ ನಾನೂ ಬರುತ್ತೇವೆ.

ಇಂತಿ,
ಈ ಪತ್ರ ಬರೆಯಲು ಮೂವತ್ತು ವರ್ಷ ತಡಮಾಡಿದ
ಗವಿಸಿದ್ದಪ್ಪ