ವಿಮೆ ಕೌಂಟರಿನ ಬೋರ್ಡು

ಜನವರಿ ೨೦, ಸೋಮವಾರ. ಬಸವಕಲ್ಯಾಣ.

ಮೆಮೊ ಕೊಡಲಿ. ಸಂಜೆಯಿಂದ ತಲೆಯಲ್ಲಿ ಅದೊಂದೇ ಮಾತು ಸುತ್ತುತ್ತಿದೆ.

ನಾನು ದಿನಾ ಹೋಗಿಬರುವ ಬ್ಯಾಂಕಿನ ಹುಮನಾಬಾದ್ ಶಾಖೆಯಲ್ಲಿ ಇದ್ದದ್ದು ಎರಡು ಕ್ಯಾಶ್ ಕೌಂಟರ್. ಇವತ್ತಿನಿಂದ ನನ್ನದನ್ನು ವಿಮೆ ಕೌಂಟರ್ ಮಾಡಿದರು. ಬ್ಯಾಂಕು ಹತ್ತು ಬಗೆಯ ವ್ಯವಹಾರ ಮಾಡಿದರೆ ದಕ್ಷತೆ ಹೆಚ್ಚುತ್ತದಂತೆ, ಹೆಡ್ ಆಫೀಸಿನ ಸುತ್ತೋಲೆ. ಅದೂ ತೊಗರಿ ಸುಗ್ಗಿಯಲ್ಲಿ! ಗಂಜ್ ಮಾರುಕಟ್ಟೆಯಲ್ಲಿ ಕಾಳು ಮಾರಿ ಬಂದವರ ಸಾಲು ರಸ್ತೆಗಿಳಿದಿತ್ತು. ನಾನು ಹೊಸ ಬೋರ್ಡಿನ ಹಿಂದೆ ನೊಣ ಹೊಡೆಯುತ್ತ ಕೂತಿದ್ದೆ.

ಕೊಹಿನೂರಿನ ಬಂಡೆಪ್ಪ ಸಾಲು ಬಿಟ್ಟು ನನ್ನ ಮುಂದೆ ಬಂದ. ಆದೇಶದಂತೆ ಪಾಲಿಸಿ ವಿವರಿಸತೊಡಗಿದೆ. ಆತ ಕೈಮುಗಿದ.

"ಮೇಡಂ, ಮುಂಜಾನಿಂದ ನಿಂತೀನ್ರಿ. ನನ್ನ ರೊಕ್ಕ ನನಗ ಕೊಡಾಕ ಒಬ್ಬರರ ಅದಾರೇನ್ರಿ ಇಲ್ಲಿ?"

ಬೋರ್ಡು ತೆಗೆದು ಚೀಲಕ್ಕೆ ಹಾಕಿದೆ. ಪಕ್ಕದ ಕೌಂಟರಿನ ಪೂನಂ ನಗುತ್ತ ತನ್ನ ನೋಟಿನ ಕಟ್ಟುಗಳಲ್ಲಿ ಅರ್ಧ ಇತ್ತ ದಾಟಿಸಿದಳು. ಅರ್ಧ ಸಾಲನ್ನು ನಾನು ಕರೆದೆ.

ಮ್ಯಾನೇಜರ್ ಸತೀಶಕುಮಾರ ಓಡಿ ಬಂದರು. "ಏನ್ ಮಾಡಾಕತ್ತೀರಿ ಮೇಡಂ? ಟಾರ್ಗೆಟ್ ಹ್ಯಾಂಗ ಮುಟ್ಟೋದ್ರಿ?"

"ವಿಮಾ ಮಾರಾಕ ಬ್ಯಾರೆ ಮಂದಿ ಕೊಡ್ರಿ ಸರ್. ಇದ್ದವರನ್ನ ಇಲ್ಲಿಂದ ಎಬ್ಬಿಸಿ ಅಲ್ಲಿ ಕುಂದ್ರಿಸಿದ್ರ ದಕ್ಷತೆ ಹ್ಯಾಂಗ ಹೆಚ್ಚಾಗ್ತದ?"

"ನಾಳೆ ಮೆಮೊ ಕೊಡ್ತೀನ್ರಿ" ಎಂದು ಅವರು ತಮ್ಮ ಕೋಣೆಗೆ ಹೋದರು. ಊಟದ ಹೊತ್ತಿಗೆ ಸಾಲು ಕರಗಿತು. ಮೆಮೊ ಮಾತ್ರ ನಾಳೆ ಬರುತ್ತದೆ. ಬರಲಿ, ಅವರಿಗೆ ಹೇಳಿದ್ದನ್ನೇ ಉತ್ತರವಾಗಿ ಬರೆದು ಸಹಿ ಹಾಕುತ್ತೇನೆ.

ಬೋರ್ಡು ಇನ್ನೂ ನನ್ನಲ್ಲೇ ಇದೆ. ಬೆಕ್ಕು ಬಾಯಿ ಹಾಕದಿರಲೆಂದು ಅವ್ವ ಅದನ್ನು ಹಾಲಿನ ಪಾತ್ರೆಗೆ ಮುಚ್ಚಿದ್ದಾಳೆ. ಬೆಳಿಗ್ಗೆಯಿಂದ ಅದು ಮಾಡಿದ ಕೆಲಸ ಅದೊಂದೇ.